ಪೊಟ್ಟಣದ ಗಾಳಿ

ಐವತ್ತೆರಡಕ್ಕೆ ಮೊದಲ ಪಾಸ್‌ಪೋರ್ಟು. ಅದರ ಮೂರನೇ ಪುಟಕ್ಕೆ
ಕಿಜಿಲ್-ಆರ್ಟ್ ಕಣಿವೆ ಬಾಯಿನ ಡಬ್ಬಿಯಂಥ ಠಾಣೆಯಲ್ಲಿ
ಕೈಗವಸು ತೆಗೆಯದೆಯೇ ಒಬ್ಬ ಹುಡುಗ ಮೊಹರು ಒತ್ತಿದ.
ಶಾಯಿ ಹೆಪ್ಪುಗಟ್ಟಿತ್ತು. ಬಾಯಿ ತೆರೆದು ಹಾ ಎಂದು ಊದಿ
ಮತ್ತೆ ಒತ್ತಿದ.
ಅವನ ಉಸಿರಿನಿಂದ ಒಳಗೆ ಬಂದವಳು ನಾನು.

ಆಮೇಲೆ ಬರೀ ಬಯಲು. ಬಯಲೆಂದರೆ ನಾನು ತಿಳಿದದ್ದು ಬೇರೆ:
ಅಲ್ಲೊಂದು ಜಾಲಿ, ಇಲ್ಲೊಂದು ಕಂಬ, ಕಾಗೆಯಾದರೂ ಒಂದು.
ಇಲ್ಲಿ ಕಣ್ಣಿಗೆ ಆತುಕೊಳ್ಳಲು ಏನೂ ಇಲ್ಲ,
ಜಾರುತ್ತ ಜಾರುತ್ತ ಚೀನಾದ ಬೇಲಿ ಮುಟ್ಟಿ ವಾಪಸು ಬರುತ್ತದೆ.

ಆಕ್-ಬೈತಾಲ್ ನೆತ್ತಿಯಲ್ಲಿ ನೂರ್ಮಾಮತ್ ಜೀಪು ನಿಲ್ಲಿಸಿದ.
ಮೆಲ್ಲಗೆ, ಅಂದ; ರಷ್ಯನ್ನಿನಲ್ಲಿ, ಕಿರ್ಗಿಜ್‌ನಲ್ಲಿ, ಕೈಯಲ್ಲಿ.
ಮೂರೂ ನನಗೆ ಬಾರದ ಭಾಷೆ. ಓಡಿದೆ, ಫೋಟೋಕ್ಕೆ.
ಹದಿನಾಲ್ಕು ಹೆಜ್ಜೆ. ಹದಿನೈದನೆಯದು ಎಲ್ಲಿ ಹೋಯಿತೋ,
ಮಂಡಿಯೂರಿದ್ದೆ, ಎದುರಿಗೆ ಯಾವ ದೇವರೂ ಇಲ್ಲದೆ,
ಎದೆಯೊಳಗೆ ಒನಕೆ, ಕಿವಿಯೊಳಗೆ ಗಿರಣಿ.
ಅವನು ನಗಲಿಲ್ಲ, ಎಬ್ಬಿಸಲೂ ಇಲ್ಲ.
ಪಕ್ಕದಲ್ಲಿ ಕೂತು ಸಿಗರೇಟು ಹಚ್ಚಿದ. ಆರಿತು. ಹಚ್ಚಿದ. ಆರಿತು.
ಬೆಂಕಿಗೂ ಇದು ಹೊಸ ಊರೇನೋ ಅಂದುಕೊಂಡೆ.

ಮುರ್ಗಾಬ್. ಸುಣ್ಣದ ಗೋಡೆ, ತಗ್ಗು ಸೂರು,
ಲಾರಿಯಿಂದಿಳಿಸಿದ ಕಬ್ಬಿಣದ ಡಬ್ಬಿಗಳಲ್ಲೇ ಸಂತೆ.
ಜೂರಾಕಾನಳ ಮನೆಯಲ್ಲಿ ಗಡಿಯಾರ ಎರಡು:
ಒಂದು ಸರಕಾರದ್ದು. ಇನ್ನೊಂದು ಗಂಟೆ ಮುಂದೆ, ಊರಿನದು.
ಯಾವುದು ಸರಿ?
ಕಚೇರಿಗೆ ಅದು, ಊಟಕ್ಕೆ ಇದು.
(ಸೊಸೆ ಬುರುಲ್ ಶಾಲೆಯಲ್ಲಿ ಇಂಗ್ಲಿಷ್ ಟೀಚರು,
ಎಲ್ಲರ ಮಾತೂ ಅವಳ ಬಾಯಿಂದಲೇ.)
ಒಲೆಗೆ ತೆರೆಸ್ಕೆನ್ ಬೇರು. ಗೇಣುದ್ದ ಬೆಳೆಯಲು ಎಷ್ಟು ವರುಷವೋ,
ಉರಿದು ಮುಗಿಯಲು ಒಂದು ಉಪ್ಪುಚಹಾ.
ನೀರು ಬಲು ಬೇಗ ಕುದಿಯಿತು, ಅಕ್ಕಿ ಬೇಯಲೇ ಇಲ್ಲ.
ಕುದಿಯುವುದು ಬೇರೆ ಬೇಯುವುದು ಬೇರೆ ಎಂದು
ಇಷ್ಟು ಕಾಲ ಒಲೆ ಮುಂದೆ ನಿಂತವಳಿಗೆ ತಿಳಿದಿರಲಿಲ್ಲ.

ಚೀಲ ಬಿಚ್ಚಿದೆ. ಓಶ್‌ನಲ್ಲಿ ಕೊಂಡ ಚಿಪ್ಸ್ ಪೊಟ್ಟಣ
ದಿಂಬಿನ ಹಾಗೆ ಊದಿತ್ತು, ತಟ್ಟಿದರೆ ತಮಟೆ.
ಮೊಮ್ಮಗಳು ಆಯ್ಚುರೋಕ್, ಮುಂದಿನ ಹಲ್ಲೆರಡು ಇಲ್ಲ,
ಬಂದು ಕಿವಿಯಿಟ್ಟಳು. ಇದರಲ್ಲೇನು?
ಆಲೂಗಡ್ಡೆ, ಅಂದೆ. ಚಿತ್ರ ತೋರಿಸಿದೆ.
ಅದಲ್ಲ. ಮಿಕ್ಕಿದ್ದು.

ಮಿಕ್ಕಿದ್ದು ಗಾಳಿ. ಕೆಳಗಿನದು.
ಹಾಗಾದರೆ ತೆರೆಯಬೇಡ, ಅಂದಳು. ಆಮೇಲೆ, ತೆರೆ. ಆಮೇಲೆ, ನಿಲ್ಲು,
ಓಡಿಹೋಗಿ ಅಜ್ಜಿಯನ್ನು ಎಳೆತಂದಳು.
ಸೂಜಿಮೊನೆಯಷ್ಟು ತೂತು. ಮೂಗಿಟ್ಟು ಕಣ್ಣು ಮುಚ್ಚಿದಳು.
ಪೊಟ್ಟಣ ಸೊರಗುತ್ತ ಬಂತು.

ಅಜ್ಜಿ ತನ್ನ ಸರದಿಗೆ ಬಗ್ಗಲಿಲ್ಲ.
ಕಣ್ಣಿನ ಪೊರೆ ತೆಗೆಸಲು ಇಳಿದಿದ್ದೆ ಒಮ್ಮೆ, ಹನ್ನೊಂದು ದಿನ.
ಗಾಳಿಯೇ ಅದು? ಗಂಜಿ. ಅಗಿದು ನುಂಗಬೇಕು.
ಕಿಟಕಿ ತುಂಬ ಮರ ಬೇರೆ,
ರಾತ್ರಿಯೆಲ್ಲ ಏನೋ ಮಾತಾಡಿಕೊಳ್ಳುತ್ತವೆ.
ಅಲ್ಲಿ ಹೇಗೆ ಬದುಕುತ್ತೀರಿ, ಪಾಪ.
ಆ ಪಾಪವನ್ನು ಬುರುಲ್ ತುಸು ತಡವರಿಸಿ ದಾಟಿಸಿದಳು.

ರಾತ್ರಿ ಐದು ಕಂಬಳಿ ಸರಿಸಿ ಎದ್ದು ಕೂತೆ.
ನಿದ್ದೆ ಹತ್ತಿದೊಡನೆ ಉಸಿರಿಗೆ ಮರೆವು,
ಬಾವಿಯೊಳಗಿಂದ ಯಾರೋ ಕೊಡ ಜಗ್ಗಿದಂತೆ ಮತ್ತೆ ಬರುತ್ತದೆ.
ಎಣಿಸತೊಡಗಿದೆ. ಎಣಿಸುವುದು ನನ್ನ ಕಸುಬು,
ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೆಂಟು ವರುಷ, ಒಂದು ನೋಟು ತಪ್ಪಿದವಳಲ್ಲ.
ಇಲ್ಲಿ ನಲವತ್ತಕ್ಕೇ ಲೆಕ್ಕ ಕೈಬಿಟ್ಟಿತು.
ಗೋಡೆಯಾಚೆ ಅಜ್ಜಿಯ ಗೊರಕೆ, ಹಾಲು ಕರೆದಂತೆ ಒಂದೇ ಸಮ.
ಅದನ್ನೇ ಹಿಡಿದುಕೊಂಡೆ: ಅವಳು ಎಳೆದಾಗ ನಾನೂ, ಬಿಟ್ಟಾಗ ನಾನೂ.

ಬೆಳಗ್ಗೆ, ಯಾವ ಗಡಿಯಾರದ್ದೋ ಏಳು ಗಂಟೆ,
ಹೊಸ್ತಿಲಲ್ಲಿ ಆಯ್ಚುರೋಕ್. ಚಿಪ್ಸ್ ಯಾರು ತಿಂದರೋ,
ಖಾಲಿ ಪೊಟ್ಟಣಕ್ಕೆ ಬಾಯಿಟ್ಟು ಊದುತ್ತಿದ್ದಾಳೆ,
ಕೆನ್ನೆ ಕೆಂಪಗೆ.
ತುಂಬುತ್ತಿಲ್ಲ. ಅವಳು ಬಿಡುತ್ತಿಲ್ಲ.